ಮೀಟರ್ ತೋರಿಸೋ ಮೈಲೇಜನ್ನ ನಂಬಬಹುದಾ? ಫುಲ್ ಟ್ಯಾಂಕ್ ಲೆಕ್ಕ ಹಾಕಿ ನೋಡಿ

ಸ್ಟೀರಿಂಗ್ ಹಿಂದಿರೋ ಈ ಚಿಕ್ಕ ಪರದೆಯಲ್ಲಿ ಗುಂಡಿ ಒತ್ತಿದ ಹಾಗೆಲ್ಲ ಬೇರೆ ಬೇರೆ ಸಂಖ್ಯೆ ಬರುತ್ತೆ. ಓಡೋ (ODO) ಅಂದ್ರೆ ಕಾರು ಇಲ್ಲಿವರೆಗೆ ಓಡಿದ ಒಟ್ಟು ಕಿಲೋಮೀಟರ್; ಅದನ್ನ ಸೊನ್ನೆ ಮಾಡೋಕಾಗಲ್ಲ. ಟ್ರಿಪ್ ಎ, ಟ್ರಿಪ್ ಬಿ ನಮ್ಮ ಕೈಯಲ್ಲಿರೋ ಲೆಕ್ಕ, ಬೇಕಾದಾಗ ಸೊನ್ನೆ ಮಾಡ್ಕೋಬಹುದು. ಆಮೇಲೆ ಸರಾಸರಿ ಮೈಲೇಜು, ಈ ಕ್ಷಣದ ಮೈಲೇಜು, ಇನ್ನೆಷ್ಟು ದೂರ ಹೋಗಬಹುದು ಅನ್ನೋ ರೇಂಜ್. ಜನ ಜಗಳ ಆಡೋದು ಹೆಚ್ಚಾಗಿ ಸರಾಸರಿ ಬಗ್ಗೆ. ಅದು ಎಲ್ಲಿಂದ ಬರುತ್ತೆ ಅನ್ನೋದನ್ನೇ ಮೊದಲು ನೋಡೋಣ.

ಮಾಮೂಲಿ ಪೆಟ್ರೋಲ್ ಕಾರಲ್ಲಿ ಪೈಪಿನೊಳಗೆ ಎಷ್ಟು ಪೆಟ್ರೋಲ್ ಹರೀತು ಅಂತ ನೇರವಾಗಿ ಅಳೆಯೋ ಮೀಟರ್ ಇರೋದಿಲ್ಲ. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಪ್ರತಿ ಸಲ ಎಷ್ಟು ಮಿಲಿಸೆಕೆಂಡ್ ತೆರೆದಿತ್ತು ಅನ್ನೋದು ಇಸಿಯುಗೆ, ಅಂದ್ರೆ ಇಂಜಿನ್ ನೋಡಿಕೊಳ್ಳೋ ಕಂಪ್ಯೂಟರಿಗೆ, ಗೊತ್ತು. ಅಷ್ಟು ಹೊತ್ತಲ್ಲಿ ಎಷ್ಟು ಪೆಟ್ರೋಲ್ ಬರಬೇಕು ಅನ್ನೋ ಅಂಕಿ ಅದರೊಳಗೆ ಮೊದಲೇ ಬರೆದಿರುತ್ತೆ. ಗುಣಿಸಿ, ಕೂಡಿ ಲೀಟರ್ ಲೆಕ್ಕ ಹಾಕುತ್ತೆ. ದೂರವೂ ಹೀಗೇ: ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಸೆನ್ಸರ್ ಎಣಿಸುತ್ತೆ, ಕಂಪನಿಯವರು ಕೊಟ್ಟ ಟೈರಿನ ಸುತ್ತಳತೆಯಿಂದ ಅದನ್ನ ಗುಣಿಸುತ್ತೆ. ಅಂದ್ರೆ ಭಾಗಾಕಾರದ ಮೇಲೂ ಅಂದಾಜು, ಕೆಳಗೂ ಅಂದಾಜು. ಸಾಮಾನ್ಯವಾಗಿ ಪರದೆ ನಿಜಕ್ಕಿಂತ ಸ್ವಲ್ಪ ಜಾಸ್ತಿನೇ ಹೇಳುತ್ತೆ. ಎಷ್ಟು ಜಾಸ್ತಿ ಅನ್ನೋದನ್ನ ನಿಮ್ಮ ಕಾರಿಗೆ ನೀವೇ ಕಂಡುಹಿಡೀಬೇಕು.

ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಹಾಕಿಸಿ. ನಾಜಲ್ ಮೊದಲ ಸಲ ಟಕ್ ಅಂತ ಆಟೋ ಕಟ್ ಆದ ಕೂಡಲೇ ನಿಲ್ಲಿಸಿ. ‘ರೌಂಡ್ ಫಿಗರ್ ಮಾಡ್ಲಾ ಸಾರ್’ ಅಂತ ಕೇಳ್ತಾರೆ, ಬೇಡ ಅನ್ನಿ. ಬಾಯಿಮಟ್ಟ ತುಂಬಿಸಿದ್ರೆ ಲೆಕ್ಕ ಕೆಡೋದು ಒಂದು ಕಡೆ. ಪೆಟ್ರೋಲ್ ಆವಿ ಹಿಡಿಯೋ ಚಾರ್ಕೋಲ್ ಕ್ಯಾನಿಸ್ಟರಿಗೆ ದ್ರವ ಪೆಟ್ರೋಲೇ ನುಗ್ಗಿ ಅದು ಹಾಳಾಗಬಹುದು. ಈಗ ಟ್ರಿಪ್ ಬಿ ಸೊನ್ನೆ ಮಾಡಿ, ಸರಾಸರಿಯನ್ನೂ ಸೊನ್ನೆ ಮಾಡಿ. ಕೆಲವು ಕಾರಲ್ಲಿ ಮೀಟರಿನ ಪಕ್ಕದ ಕಡ್ಡಿಯಂಥ ಗುಂಡಿ ಒತ್ತಿ ಹಿಡೀಬೇಕು, ಕೆಲವುದರಲ್ಲಿ ಸ್ಟೀರಿಂಗ್ ಮೇಲಿನ ಓಕೆ ಗುಂಡಿ.

ಇಲ್ಲೊಂದು ಕಡೆ ತುಂಬಾ ಜನ ಎಡವುತ್ತಾರೆ. ಹ್ಯುಂಡೈ, ಕಿಯಾ ಕಾರುಗಳ ಸೆಟ್ಟಿಂಗಲ್ಲಿ ಸರಾಸರಿ ತಾನಾಗೇ ಸೊನ್ನೆಯಾಗೋ ಆಯ್ಕೆ ಇದೆ. ಇಂಧನ ಹಾಕಿಸಿದ ಮೇಲೆ ಅನ್ನೋದನ್ನ ಆರಿಸಿದ್ರೆ, 6 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಹಾಕಿಸಿ ಗಾಡಿ ಹೊರಟ ಕೂಡಲೇ ಹಳೇ ಸರಾಸರಿ ಅಳಿಸಿಹೋಗುತ್ತೆ. ಇಗ್ನಿಷನ್ ಆಯ್ಕೆ ಇದ್ರೆ, ಕಾರು ಕೆಲವು ಗಂಟೆ ನಿಂತಿದ್ರೆ ಸಾಕು, ಅಳಿಸುತ್ತೆ. ಪರೀಕ್ಷೆ ಮುಗಿಯೋವರೆಗೂ ಇದನ್ನ ಆಫ್ ಮಾಡಿಡಿ. ಎರಡನೇ ಸಲ ಬಂಕಿಗೆ ಹೋದಾಗ, ಹಾಕಿಸೋಕೆ ಮುಂಚೆನೇ ಪರದೆಯ ಫೋಟೋ ತೆಗೆದುಕೊಳ್ಳಿ.

ಆಮೇಲೆ ನಿಮ್ಮ ಮಾಮೂಲಿ ಓಡಾಟ. ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯೋವರೆಗೂ ಓಡಿಸಿ, 400 ಕಿಲೋಮೀಟರ್ ಆದ್ರೆ ಇನ್ನೂ ಒಳ್ಳೇದು. ಯಾಕಂದ್ರೆ ಆಟೋ ಕಟ್ ಪ್ರತಿ ಸಲ ಒಂದೇ ಮಟ್ಟಕ್ಕೆ ಆಗಲ್ಲ. ಒಂದು ಲೀಟರ್ ಹೆಚ್ಚುಕಮ್ಮಿಯಾಯ್ತು ಅಂದ್ಕೊಳ್ಳಿ: 5 ಲೀಟರ್ ಹಾಕಿಸಿದ್ದರೆ ತಪ್ಪು ನೂರಕ್ಕೆ 20, 30 ಲೀಟರ್ ಹಾಕಿಸಿದ್ದರೆ ನೂರಕ್ಕೆ 3 ಚಿಲ್ಲರೆ ಅಷ್ಟೇ. 500 ರೂಪಾಯಿಗೆ ಪೆಟ್ರೋಲ್ ಹಾಕಿಸಿ ಮೈಲೇಜ್ ಅಳೆಯೋದು ಸುಮ್ಮನೆ ದಂಡ. ಮತ್ತೆ ಅದೇ ಬಂಕು, ಸಾಧ್ಯವಾದ್ರೆ ಅದೇ ಪಂಪು, ಕಾರು ನಿಲ್ಲಿಸೋ ಜಾಗವೂ ಅದೇ. ನೆಲ ಓರೆಯಿದ್ರೆ ಆಟೋ ಕಟ್ ಬೇಗ ಆಗುತ್ತೆ ಇಲ್ಲಾ ತಡವಾಗುತ್ತೆ.

ಈಗ ಲೆಕ್ಕ. ಟ್ರಿಪ್ ಬಿ 437.6 ಕಿಲೋಮೀಟರ್ ಅಂತಿದೆ, ಪಂಪ್ 27.35 ಲೀಟರ್ ತೋರಿಸಿತು. ಭಾಗಿಸಿದ್ರೆ 16.0. ಪರದೆ ಹೇಳಿದ್ದು 17.1. ಅಂದ್ರೆ ಈ ಕಾರಿನ ಪರದೆ ನೂರಕ್ಕೆ 7ರಷ್ಟು ಜಾಸ್ತಿ ಹೇಳುತ್ತೆ. 16ನ್ನ 17.1ರಿಂದ ಭಾಗಿಸಿದ್ರೆ ಬರೋ 0.936 ಅನ್ನೋದನ್ನ ಬರೆದಿಟ್ಟುಕೊಳ್ಳಿ. ನಾಳೆ ಪರದೆ 18 ಅಂದ್ರೆ ನಿಜ 16.8. ಎರಡು ಮೂರು ಟ್ಯಾಂಕ್ ಇದೇ ಥರ ನೋಡಿದ್ರೆ ಈ ಗುಣಕ ಹೆಚ್ಚುಕಮ್ಮಿ ನಿಂತುಬಿಡುತ್ತೆ. ಆಮೇಲೆ ಪರದೆಯನ್ನೇ ನೋಡಿಕೊಂಡಿದ್ರೂ ಸಾಕು.

ಟೈರ್ ಬದಲಿಸಿದವರಿಗೆ ಮಾತ್ರ ಇನ್ನೊಂದು ಕೆಲಸ ಇದೆ. 185/65 ಆರ್15 ತೆಗೆದು 195/65 ಆರ್15 ಹಾಕಿದ್ರೆ ಚಕ್ರದ ವ್ಯಾಸ 621.5 ಮಿಲಿಮೀಟರಿನಿಂದ 634.5ಕ್ಕೆ ಏರುತ್ತೆ. ಮೀಟರ್ 100 ಅನ್ನುವಾಗ ಕಾರು 102 ಕಿಲೋಮೀಟರ್ ಓಡಿರುತ್ತೆ. ಆಗ ಪರದೆ, ನಮ್ಮ ಬಂಕಿನ ಲೆಕ್ಕ, ಎರಡೂ ನೂರಕ್ಕೆ ಎರಡರಷ್ಟು ಕಮ್ಮಿ ಬರುತ್ತೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು, ಇಲ್ಲಾ ಫೋನಿನ ಜಿಪಿಎಸ್ ಇಟ್ಟುಕೊಂಡು 20 ಕಿಲೋಮೀಟರ್ ತಾಳೆ ನೋಡಿದ್ರೆ ಗೊತ್ತಾಗುತ್ತೆ.

ಸರಾಸರಿ ಯಾಕೆ ಅಲುಗಾಡಲ್ಲ ಅಂತ ಕೇಳೋರಿಗೆ: 2000 ಕಿಲೋಮೀಟರಿಂದ ಸೊನ್ನೆ ಮಾಡಿಲ್ಲ, 15 ತೋರಿಸ್ತಿದೆ ಅಂತಿಟ್ಟುಕೊಳ್ಳಿ. ಈಗ ಹೆದ್ದಾರೀಲಿ 50 ಕಿಲೋಮೀಟರ್ ಚೆನ್ನಾಗಿ 20ರ ಮೈಲೇಜಲ್ಲಿ ಓಡಿಸಿದ್ರೂ ಪರದೆ ಏರೋದು 15.1ಕ್ಕೆ. ಇನ್ನೊಂದು, ಊರೊಳಗೆ 10 ಕಿಲೋಮೀಟರ್ 10ರ ಮೈಲೇಜು, ಹೊರಗೆ 10 ಕಿಲೋಮೀಟರ್ 20ರ ಮೈಲೇಜು ಬಂದ್ರೆ ಸರಾಸರಿ 15 ಅಲ್ಲ. 20 ಕಿಲೋಮೀಟರಿಗೆ ಒಂದೂವರೆ ಲೀಟರ್ ಹೋಯ್ತು, 13.3. ಸಿಲ್ಕ್ ಬೋರ್ಡ್ ಸಿಗ್ನಲಲ್ಲಿ ನಿಂತಾಗ ದೂರ ಸೊನ್ನೆ, ಇಂಜಿನ್ ಮಾತ್ರ ಕುಡೀತಾನೇ ಇರುತ್ತೆ. ಬೆಂಗಳೂರಿನ ಸಂಖ್ಯೆ ಬೀಳೋದು ಅಲ್ಲೇ.

ಕ್ಷಣದ ಮೈಲೇಜಿನ ಪಟ್ಟಿ ನೋಡೋಕೆ ಚೆಂದ, ಲೆಕ್ಕಕ್ಕೆ ಬರಲ್ಲ. ಆದ್ರೆ ಒಂದು ಪಾಠ ಕಲಿಸುತ್ತೆ. ಚಾರ್ಮಾಡಿ ಘಾಟಿ ಇಳಿಯುವಾಗ ಗೇರಲ್ಲೇ ಇಟ್ಟು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಪಟ್ಟಿ ತುದಿ ಮುಟ್ಟುತ್ತೆ, ಯಾಕಂದ್ರೆ ಇಸಿಯು ಆಗ ಇಂಜೆಕ್ಟರನ್ನೇ ಮುಚ್ಚಿರುತ್ತೆ. ನ್ಯೂಟ್ರಲ್ ಮಾಡಿದ್ರೆ ಇಂಜಿನ್ ಆರದ ಹಾಗೆ ನೋಡಿಕೊಳ್ಳೋಕೆ ಪೆಟ್ರೋಲ್ ಬೇಕೇ ಬೇಕು. ಉಳಿತಾಯ ಅಂತ ನ್ಯೂಟ್ರಲ್ ಹಾಕೋರು ಪೆಟ್ರೋಲೂ ಸುಡ್ತಾರೆ, ಬ್ರೇಕೂ ಕಾಯಿಸ್ತಾರೆ. ಅದೇ ಘಾಟಿ ಹತ್ತುವಾಗ ರೇಂಜ್ ದಡದಡ ಇಳಿಯುತ್ತೆ. ಗಾಬರಿ ಬೇಡ, ಅದು ಇತ್ತೀಚಿನ ಓಡಾಟ ನೋಡಿ ಹೇಳೋ ಭವಿಷ್ಯ. ಪೆಟ್ರೋಲ್ ಮಟ್ಟ ಹೇಳೋ ಟ್ಯಾಂಕಿನ ಫ್ಲೋಟ್ ಕೂಡ ಏರಲ್ಲಿ ಓರೆಯಾಗಿ ತಪ್ಪು ಹೇಳುತ್ತೆ. ಹಾಗಂತ ಸೊನ್ನೆವರೆಗೂ ಓಡಿಸಬೇಡಿ. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲಿನಿಂದಲೇ ತಣ್ಣಗಾಗುತ್ತೆ.

ಅಮೆರಿಕ, ಇಂಗ್ಲೆಂಡಲ್ಲಿ ಕಾರು ಓಡಿಸೋರು ಇನ್ನೊಂದು ಗಮನಿಸಿ: ಎರಡು ಕಡೆಯೂ ಗ್ಯಾಲನ್ ಲೆಕ್ಕವೇ, ಆದ್ರೆ ಗ್ಯಾಲನ್ ಒಂದೇ ಅಲ್ಲ. ಅಮೆರಿಕದ್ದು 3.785 ಲೀಟರ್, ಬ್ರಿಟನ್ನಿನದ್ದು 4.546. ಗ್ಯಾಲನ್ನಿಗೆ 30 ಮೈಲಿ ಅಂದ್ರೆ ಅಮೆರಿಕದಲ್ಲಿ ಲೀಟರಿಗೆ 12.75 ಕಿಲೋಮೀಟರ್, ಬ್ರಿಟನ್ನಲ್ಲಿ 10.6.

ಇ20, ಅಂದ್ರೆ ನೂರಕ್ಕೆ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲಿನ ಪ್ರಶ್ನೆ ಬಂದೇ ಬರುತ್ತೆ. ಎಥೆನಾಲಲ್ಲಿ ಲೀಟರಿಗೆ ಶಕ್ತಿ ಕಮ್ಮಿ. ಬರೀ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜು ನೂರಕ್ಕೆ 6ರಿಂದ 7ರಷ್ಟು ಇಳಿಯಬಹುದು ಅಂತ 2021ರ ನೀತಿ ಆಯೋಗದ ವರದಿಯೇ ಅಂದಾಜು ಮಾಡಿದೆ. ಇದು ಪರದೆಯಲ್ಲೂ ಕಾಣುತ್ತೆ, ಯಾಕಂದ್ರೆ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡೋ ಆಕ್ಸಿಜನ್ ಸೆನ್ಸರ್ ಹೇಳಿದ ಹಾಗೆ ಇಂಜೆಕ್ಟರ್ ಜಾಸ್ತಿ ಹೊತ್ತು ತೆರೆದಿರುತ್ತೆ.

ಆ ಗುಣಕ ಬರೆದಿಟ್ಟುಕೊಳ್ಳಿ ಅಂದಿದ್ದಕ್ಕೆ ಇನ್ನೊಂದು ಕಾರಣ ಇದೆ. ಪರದೆ ಹಾಗೇ ಇದ್ದು ಬಂಕಿನ ಲೆಕ್ಕ ಮಾತ್ರ ಕುಸಿದ್ರೆ, ಇಸಿಯು ಎಣಿಸದ ಪೆಟ್ರೋಲ್ ಎಲ್ಲೋ ಹೋಗ್ತಿದೆ. ಒಂದೋ ಪೈಪು, ಇಂಜೆಕ್ಟರ್ ಸೋರ್ತಿದೆ, ಇಲ್ಲಾ ಬಂಕಿನ ಅಳತೆ ಕಮ್ಮಿ. ಬಂಕಲ್ಲಿ ಮುದ್ರೆ ಇರೋ 5 ಲೀಟರ್ ಅಳತೆ ಪಾತ್ರೆ ಇಟ್ಟಿರಬೇಕು, ಕೇಳಿ ಅಳೆಸಿ. 25 ಮಿಲಿಲೀಟರ್‌ವರೆಗಿನ ವ್ಯತ್ಯಾಸ ಮಾತ್ರ ಕಾನೂನು ಒಪ್ಪುತ್ತೆ. ಎರಡೂ ಒಟ್ಟಿಗೆ ಇಳಿದ್ರೆ ಕಾರಿನ ಕಡೆ ನೋಡಿ. ಮೊದಲು ಟೈರಿನ ಗಾಳಿ, ಆಮೇಲೆ ತೆರೆದೇ ಸಿಕ್ಕಿಕೊಂಡ ಥರ್ಮೋಸ್ಟಾಟು (ಇಂಜಿನ್ ಬಿಸಿ ಹದದಲ್ಲಿಡೋ ವಾಲ್ವ್), ಸೋತ ಆಕ್ಸಿಜನ್ ಸೆನ್ಸರು, ಹಿಡಿದುಕೊಂಡ ಬ್ರೇಕು. ಬ್ರೇಕಿನ ಪರೀಕ್ಷೆ ಸುಲಭ. ಬ್ರೇಕ್ ಹೆಚ್ಚು ಒತ್ತದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಕೈ ಹಿಡಿಯಿರಿ, ಮುಟ್ಟಬೇಡಿ. ಒಂದು ಚಕ್ರ ಮಾತ್ರ ಜಾಸ್ತಿ ಬಿಸಿ ಹೊಡೀತಿದ್ರೆ ಅದರ ಕ್ಯಾಲಿಪರ್, ಅಂದ್ರೆ ಬ್ರೇಕ್ ಪ್ಯಾಡ್ ಒತ್ತೋ ಭಾಗ, ಬಿಚ್ಚಿಸಿ ನೋಡಿಸಿ.