ಹನ್ನೆರಡನೇ ಟೀ ಹಿಂದೆ ಕೂತು ಗಾಲ್ಫ್ ನೋಡುವುದು

ಎಲ್ಲರಿಗೂ ನಮಸ್ಕಾರ.

2021ರ ಆಗಸ್ಟ್ 7ರ ಬೆಳಿಗ್ಗೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕಾಗಿ ಆಡುತ್ತಿದ್ದಾಗ, ಬರ್ಡಿ ಅಂದರೇನೆಂದು ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ಒಂದೇ ಒಂದು ಹೊಡೆತ ಹೆಚ್ಚಾಗಿ ಅವರು ನಾಲ್ಕನೆಯವರಾದರು. ಆಗ ಗಾಲ್ಫ್ ನೋಡಲು ಶುರು ಮಾಡಿದವರು ಈ ಸಭೆಯಲ್ಲೂ ಇರಬಹುದು. ಟಿವಿಯಲ್ಲಿ ಏನು ನೋಡಬೇಕೆಂದು ಕ್ಯಾಮೆರಾದವರು ತೀರ್ಮಾನಿಸುತ್ತಾರೆ. ಅಂಗಳಕ್ಕೇ ಹೋದರೆ ಆ ತೀರ್ಮಾನ ನಿಮ್ಮದು. ಆಟ ಏಕಕಾಲಕ್ಕೆ ಹತ್ತಾರು ಕಡೆ ನಡೆಯುತ್ತಿರುತ್ತದೆ. ಜಾಗ ಸರಿಯಾಗಿ ಆರಿಸದಿದ್ದರೆ ದಿನವಿಡೀ ಮುಂದಿನವರ ಬೆನ್ನು ನೋಡಿಕೊಂಡು ಬರಬೇಕಾಗುತ್ತದೆ.

ಒಳ್ಳೆಯ ಜಾಗ ಹೇಗಿರುತ್ತದೆ ಎನ್ನುವುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾ ನ್ಯಾಷನಲ್‌ಗಿಂತ ಉತ್ತಮ ಉದಾಹರಣೆ ಇಲ್ಲ. ಪ್ರತಿ ಏಪ್ರಿಲ್‌ನಲ್ಲಿ ಮಾಸ್ಟರ್ಸ್ ಎಂಬ ದೊಡ್ಡ ಗಾಲ್ಫ್ ಪಂದ್ಯಾವಳಿ ನಡೆಯುವುದು ಅಲ್ಲಿ. ಮೊದಲ ಹೊಡೆತ ಹೊಡೆಯುವ ಜಾಗ ಟೀ, ಕುಳಿ ಇರುವ ನುಣುಪು ಹುಲ್ಲಿನ ಜಾಗ ಗ್ರೀನ್, ಟೀಯಿಂದ ಕುಳಿಯವರೆಗಿನ ಒಂದೊಂದು ಭಾಗವೂ ಒಂದು ಹೋಲ್. ಅದರ 12ನೇ ಹೋಲ್‌ನ ಟೀ ಹಿಂದೆ ಕೂತರೆ 11ರ ಗ್ರೀನ್, 12 ಪೂರ್ತಿ, 13ರ ಮೊದಲ ಹೊಡೆತ, ಮೂರೂ ಕಾಣುತ್ತವೆ.

12ರ ಉದ್ದ ಬರೀ 155 ಗಜ. ಅಲ್ಲಿನ ಅತಿ ಚಿಕ್ಕ ಹೋಲ್ ಅದು. ಆದರೂ ದೊಡ್ಡ ದೊಡ್ಡ ಆಟಗಾರರು ಅಲ್ಲೇ ಮುಗ್ಗರಿಸುತ್ತಾರೆ. ಗ್ರೀನ್ ಅಗಲವಾಗಿದೆ, ಆದರೆ ಹಿಂದೆ ಮುಂದೆ ಜಾಗವಿಲ್ಲ. ಮೇಲಾಗಿ ಓರೆಯಾಗಿ ಮಲಗಿದೆ: ಎಡಭಾಗ ಟೀಗೆ ಹತ್ತಿರ, ಬಲಭಾಗ ದೂರ. ಬಲಗೈ ಆಟಗಾರನ ಚೆಂಡು ಬಲಕ್ಕೆ ಜಾರಿದರೆ ಸಾಮಾನ್ಯವಾಗಿ ದೂರವೂ ಕಡಿಮೆಯಾಗುತ್ತದೆ. ಅಂದರೆ ಎಲ್ಲಿ ಹೆಚ್ಚು ದೂರ ಬೇಕೋ ಅಲ್ಲೇ ಕಮ್ಮಿ ಬೀಳುತ್ತದೆ. ಮುಂದಿನ ಏರಿಯ ಹುಲ್ಲನ್ನು ನುಣ್ಣಗೆ ಕತ್ತರಿಸಿರುವುದರಿಂದ ಅಲ್ಲಿ ಬಿದ್ದ ಚೆಂಡು ನಿಲ್ಲದೆ ಉರುಳಿ ರೇಸ್ ಕ್ರೀಕ್ ಹಳ್ಳ ಸೇರುತ್ತದೆ. 1992ರಲ್ಲಿ ಫ್ರೆಡ್ ಕಪಲ್ಸ್ ಅವರ ಚೆಂಡು ಅದೇ ಏರಿಯಲ್ಲಿ ಹೇಗೋ ನಿಂತಿತು, ಅವರು ಪಾರ್ ಮಾಡಿ, ಅಂದರೆ ಆ ಹೋಲ್‌ಗೆ ನಿಗದಿಯಾದ ಮೂರೇ ಹೊಡೆತಗಳಲ್ಲಿ ಮುಗಿಸಿ, ಪಂದ್ಯ ಗೆದ್ದರು. 2016ರಲ್ಲಿ ಮುನ್ನಡೆಯಲ್ಲಿದ್ದ ಜೋರ್ಡನ್ ಸ್ಪೀತ್ ಎರಡು ಚೆಂಡು ನೀರಿಗೆ ಹಾಕಿ ಏಳು ಹೊಡೆತ ತೆಗೆದುಕೊಂಡರು.

ಇನ್ನು ಗಾಳಿ. ಎತ್ತರದ ಪೈನ್ ಮರಗಳ ನಡುವೆ ಸಿಕ್ಕಿ ಅದು ಸುತ್ತುತ್ತದೆ. ಕುಳಿ ಎಲ್ಲಿದೆಯೆಂದು ತೋರಿಸಲು ಅದರಲ್ಲಿ ಬಾವುಟ ನೆಟ್ಟಿರುತ್ತಾರೆ. 11ರ ಬಾವುಟ ಒಂದು ಕಡೆ, 12ರ ಬಾವುಟ ಇನ್ನೊಂದು ಕಡೆ ಹಾರುವುದುಂಟು. ಆಟಗಾರ ಕ್ಲಬ್ (ಹೊಡೆಯುವ ಕೋಲು) ತೆಗೆದು, ಬಾವುಟಗಳನ್ನು ನೋಡಿ, ಮತ್ತೆ ಚೀಲಕ್ಕೆ ಹಾಕಿ ಬೇರೆಯದನ್ನು ಎಳೆಯುವುದು ನಿಮಗೆ ಕೆಲವೇ ಗಜ ದೂರದಲ್ಲಿ ಕಾಣುತ್ತದೆ. ನನ್ನ ಮಟ್ಟಿಗೆ ಗಾಲ್ಫ್ ನೋಡುವ ಸುಖ ಇರುವುದೇ ಆ ಅರ್ಧ ನಿಮಿಷದಲ್ಲಿ.

2019ರ ಮಾಸ್ಟರ್ಸ್‌ನ ಕೊನೆಯ ದಿನವಾದ ಭಾನುವಾರವನ್ನೇ ತೆಗೆದುಕೊಳ್ಳಿ. ಬಾವುಟ ಬಲಗಡೆ. ಮುಂದಿನ ಗುಂಪಿನ ಬ್ರೂಕ್ಸ್ ಕೆಪ್ಕಾ, ಇಯಾನ್ ಪೌಲ್ಟರ್ ಇಬ್ಬರದೂ ನೀರಿಗೆ. ಕೊನೆಯ ಗುಂಪಿನಲ್ಲಿ ಎರಡು ಹೊಡೆತಗಳಿಂದ ಮುಂದಿದ್ದ ಫ್ರಾನ್ಸೆಸ್ಕೊ ಮೊಲಿನಾರಿ ಅವರದೂ ನೀರಿಗೆ, ಟೋನಿ ಫಿನಾವ್ ಅವರದೂ ನೀರಿಗೆ. ಟೈಗರ್ ವುಡ್ಸ್ ಮಾತ್ರ ಬಾವುಟದ ಕಡೆ ತಿರುಗಿಯೂ ನೋಡದೆ, ಬಂಕರ್ (ಮರಳಿನ ಗುಂಡಿ) ಮೇಲಿಂದ ಗ್ರೀನ್‌ನ ಎಡಕ್ಕೆ ಹೊಡೆದು ಎರಡು ಪಟ್‌ನಲ್ಲಿ, ಅಂದರೆ ಗ್ರೀನ್ ಮೇಲೆ ಚೆಂಡು ಉರುಳಿಸುವ ಎರಡು ಮೆಲು ಹೊಡೆತಗಳಲ್ಲಿ, ಪಾರ್ ಮುಗಿಸಿದರು. 43ನೇ ವಯಸ್ಸಿನಲ್ಲಿ ಐದನೇ ಮಾಸ್ಟರ್ಸ್ ಅವರದಾಯಿತು. ಇಷ್ಟು ಸಪ್ಪೆಯಾಗಿ ಕಾಣುವ ಹೊಡೆತ ಎಂಥ ಹೊಡೆತವಾಗಿತ್ತು ಎಂಬುದು, ಉಳಿದ ಆ ನಾಲ್ಕು ಚೆಂಡು ಮುಳುಗಿದ್ದನ್ನು ಅಲ್ಲೇ ಕೂತು ನೋಡಿದವರಿಗೇ ಗೊತ್ತು. ಟೈಗರ್ ಹಿಂದೆಯೇ ಬೆಳಿಗ್ಗೆಯಿಂದ ನಡೆದವರಿಗೆ ಮೊದಲ ಎರಡು ಕಂಡಿರುವುದು ಅನುಮಾನ.

ಈಗ ವ್ಯವಹಾರದ ಮಾತು. ಟಿಕೆಟ್ ಲಾಟರಿಯಲ್ಲಿ ಸಿಗಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲ. ಸೋಮವಾರದಿಂದ ಬುಧವಾರದವರೆಗಿನ ಅಭ್ಯಾಸದ ದಿನಗಳಲ್ಲಿ ಮಾತ್ರ ಕ್ಯಾಮೆರಾಕ್ಕೆ ಅವಕಾಶ. ಓಡುವಂತಿಲ್ಲ, ಬೇಗ ಬಂದು ಬಿರುಸಾಗಿ ನಡೆಯಬೇಕು. ಮಡಚುವ ಕುರ್ಚಿ ಒಯ್ಯಬಹುದು, ಕೈಯಿರುವಂಥದ್ದು ಬೇಡ. ಒಂದು ಕಡೆ ಹಾಕಿಟ್ಟು ತಿರುಗಾಡಲು ಹೋದರೂ ಆ ಜಾಗವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಏರಿಳಿತ ಟಿವಿಯಲ್ಲಿ ಕಾಣುವುದಕ್ಕಿಂತ ಬಹಳ ಕಡಿದು, ಹಿಡಿತವಿರುವ ಶೂ ಇರಲಿ.

ಅಂಕಫಲಕದ ಅಂಕಿಗಳನ್ನು ಇಂದಿಗೂ ಜನ ಕೈಯಿಂದ ಬದಲಿಸುತ್ತಾರೆ. ಪಾರ್‌ಗಿಂತ ಕಡಿಮೆಯಿದ್ದರೆ ಕೆಂಪು. ಮೊಬೈಲ್ ಇಲ್ಲದ್ದರಿಂದ ಸಾವಿರಾರು ಜನಕ್ಕೆ ಬೇರೆ ಹೋಲ್‌ನ ಸುದ್ದಿ ಒಟ್ಟಿಗೇ ಗೊತ್ತಾಗುವುದು ಆ ಫಲಕದಿಂದಲೇ. 1986ರಲ್ಲಿ 46 ವರ್ಷದ ಜ್ಯಾಕ್ ನಿಕ್ಲಾಸ್ ಇದೇ 12ರಲ್ಲಿ ಬೋಗಿ (ಪಾರ್‌ಗಿಂತ ಒಂದು ಹೊಡೆತ ಹೆಚ್ಚು) ಮಾಡಿಯೂ ಕೊನೆಯ ಒಂಬತ್ತು ಹೋಲ್‌ಗಳನ್ನು 30 ಹೊಡೆತಗಳಲ್ಲಿ ಮುಗಿಸಿ ಗೆದ್ದರು; 12ರ ಬಳಿಯೇ ಕೂತಿದ್ದವರಿಗೆ ಅದು ಗೊತ್ತಾಗಿದ್ದು ಆ ಫಲಕದಿಂದಲೇ ಇರಬೇಕು.

ಕೊನೆಯ ಗುಂಪು 13ಕ್ಕೆ ದಾಟಿದ ಮೇಲೆ ಅವರ ಹಿಂದೆ ಹೋಗಬೇಡಿ. ನೇರ 16ಕ್ಕೆ ನಡೆಯಿರಿ. ಭಾನುವಾರ ಅಲ್ಲಿ ಬಾವುಟ ಸಾಮಾನ್ಯವಾಗಿ ಎಡಗಡೆ ತಗ್ಗಿನಲ್ಲಿರುತ್ತದೆ; ಇಳಿಜಾರಿನ ಮೇಲ್ಭಾಗಕ್ಕೆ ಬಿದ್ದ ಚೆಂಡು ನಿಧಾನವಾಗಿ ಅದರತ್ತ ಉರುಳಿ ಬರುವುದನ್ನು ಪೂರ್ತಿ ನೋಡಬಹುದು.