ತಲೆ ಮತ್ತು ಕತ್ತು ಕೂಡುವಲ್ಲಿ ಅಡಗುವ ಮುರಿತ

ಯುವ ವೈದ್ಯ ಮಿತ್ರರೇ, ನಮಸ್ಕಾರ.

ಗೋಡೆಯ ಮೇಲಿಂದ ಬಿದ್ದು ಆಸ್ಪತ್ರೆ ಸೇರಿದ್ದ ಒಬ್ಬ ಮನುಷ್ಯ ಚೇತರಿಸಿಕೊಂಡು ಮನೆಗೆ ಹೊರಟಿದ್ದ. ಹೊರಡುವಾಗ ತಲೆ ತಿರುಗಿಸಿದ್ದೇ ತಡ, ಕುಸಿದು ಪ್ರಾಣಬಿಟ್ಟ. ಶವಪರೀಕ್ಷೆಯಲ್ಲಿ ಕಂಡದ್ದು ಬುರುಡೆಯ ತಳದ ಸಣ್ಣ ಉಬ್ಬೊಂದರ ಮುರಿತ. 1817ರಲ್ಲಿ ಇದನ್ನು ಬರೆದಿಟ್ಟವರು ಚಾರ್ಲ್ಸ್ ಬೆಲ್. ಮುಖದ ಪಾರ್ಶ್ವವಾಯುವಿಗೆ ನಾವು ಇಂದಿಗೂ ಹೇಳುವ ಹೆಸರು ಇದೇ ಬೆಲ್ ಅವರದು.

ಆ ಉಬ್ಬಿಗೆ ಆಕ್ಸಿಪಿಟಲ್ ಕಾಂಡೈಲ್ ಎನ್ನುತ್ತೇವೆ. ಬುರುಡೆಯ ತಳದ ದೊಡ್ಡ ರಂಧ್ರದ ಎಡಬಲದಲ್ಲಿ ಒಂದೊಂದು ಇದೆ. ಎರಡೂ ಕತ್ತಿನ ಮೊದಲ ಮೂಳೆಯಾದ ಅಟ್ಲಾಸ್‌ನ ಮೇಲೆ ಕೂತಿವೆ. ನಾವು ಹೌದೆಂದು ತಲೆಯಾಡಿಸುವುದು ಮುಖ್ಯವಾಗಿ ಈ ಕೀಲಿನಲ್ಲಿ. ಇಲ್ಲವೆಂದು ಅಡ್ಡಡ್ಡ ಆಡಿಸುವ ಕೆಲಸ ಅದರ ಕೆಳಗಿನ ಕೀಲಿನದು.

ಎಕ್ಸ್-ರೇಯಲ್ಲಿ ಈ ಜಾಗದ ಮೇಲೆ ಹಲ್ಲು, ದವಡೆ, ಕಿವಿಯ ಹಿಂದಿನ ಮೂಳೆ ಎಲ್ಲದರ ನೆರಳೂ ಬೀಳುತ್ತದೆ. ಹೀಗಾಗಿ ಬೈಕಿನಿಂದ ಬಿದ್ದವರ ಕೇಸ್‌ಶೀಟಿನಲ್ಲಿ ‘ಕತ್ತಿನ ಎಕ್ಸ್-ರೇ ನಾರ್ಮಲ್’ ಎಂದಷ್ಟೇ ಬರೆದಿರುವುದನ್ನು ಕಂಡರೆ ನನಗೆ ಕಳವಳವಾಗುತ್ತದೆ. ಸಿ.ಟಿ. ಸ್ಕ್ಯಾನ್ ಬೇಕು, ಅದನ್ನೂ ಅಡ್ಡಸೀಳಿನ ಚಿತ್ರಗಳಲ್ಲಷ್ಟೇ ನೋಡಿ ಮುಗಿಸಬಾರದು. ಎದುರಿನಿಂದ ಕಾಣುವ ಕೊರೋನಲ್ ಚಿತ್ರಗಳನ್ನು ತೆರೆದು, ಎಡಬಲದ ಕಾಂಡೈಲ್‌ಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಿ. ಇನ್ನೊಂದು ಮಾತು: ತಲೆಯ ಸ್ಕ್ಯಾನಿನಲ್ಲಿ ಈ ಜಾಗ ಕಟ್ಟಕಡೆಯ ಚಿತ್ರಗಳಲ್ಲಿರುತ್ತದೆ, ಕತ್ತಿನ ಸ್ಕ್ಯಾನಿನಲ್ಲಿ ಮೊಟ್ಟಮೊದಲ ಚಿತ್ರಗಳಲ್ಲಿ. ಇಬ್ಬರ ಜಮೀನಿನ ನಡುವಿನ ಬದುವಿನಂತೆ ಅದು ಯಾರ ಕಣ್ಣಿಗೂ ಬೀಳದೆ ಉಳಿದುಬಿಡುತ್ತದೆ.

ಆಂಡರ್ಸನ್ ಮತ್ತು ಮಾಂಟೆಸಾನೊ 1988ರಲ್ಲಿ ಈ ಮುರಿತಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದರಲ್ಲಿ ಮೇಲಿನಿಂದ ಬಿದ್ದ ಒತ್ತಡಕ್ಕೆ ಕಾಂಡೈಲ್ ಜಜ್ಜಿಹೋಗಿರುತ್ತದೆ. ಎರಡನೆಯದರಲ್ಲಿ ಬುರುಡೆಯ ತಳದ ಬಿರುಕು ಅಲ್ಲಿಯವರೆಗೆ ಹಬ್ಬಿರುತ್ತದೆ. ಈ ಎರಡಕ್ಕೂ ಸಾಮಾನ್ಯವಾಗಿ ಕತ್ತಿನ ಕಾಲರ್ ಸಾಕು. ನಾವು ಅಂಜಬೇಕಾದದ್ದು ಮೂರನೆಯದಕ್ಕೆ. ಅಲ್ಲಿ ಏಲಾರ್ ಅಸ್ಥಿರಜ್ಜು, ಅಂದರೆ ಕಾಂಡೈಲನ್ನು ಕತ್ತಿನ ಎರಡನೆಯ ಮೂಳೆಗೆ ಬಿಗಿದಿಡುವ ಗಟ್ಟಿ ಪಟ್ಟಿ, ಮೂಳೆಯ ಚೂರನ್ನೇ ಕಿತ್ತುಕೊಂಡು ಬಂದಿರುತ್ತದೆ. ಚೂರು ಚಿಕ್ಕದೇ ಇರಬಹುದು, ಆದರೆ ತಲೆಯನ್ನು ಕತ್ತಿಗೆ ಬಿಗಿದಿಟ್ಟ ಕಟ್ಟೇ ಸಡಿಲವಾಗಿದೆಯೆಂಬ ಸಂಶಯಕ್ಕೆ ಅದು ಸಾಕು. ಅಂಥವರಿಗೆ ಎಂ.ಆರ್.ಐ. ಮಾಡಿಸಿ ಅಸ್ಥಿರಜ್ಜುಗಳ ಸ್ಥಿತಿ ತಿಳಿಯಬೇಕು. ಕೀಲು ನಿಜಕ್ಕೂ ಅಲುಗಾಡುತ್ತಿದ್ದರೆ ಬುರುಡೆಯನ್ನೂ ಕತ್ತಿನ ಮೂಳೆಗಳನ್ನೂ ಶಸ್ತ್ರಚಿಕಿತ್ಸೆಯಿಂದ ಬೆಸೆಯಬೇಕಾಗಬಹುದು.

ಯಂತ್ರವಿಲ್ಲದೆ ಮಾಡಬಹುದಾದ ಪರೀಕ್ಷೆಯೂ ಒಂದಿದೆ. ನಾಲಿಗೆಯನ್ನು ಆಡಿಸುವ ಹನ್ನೆರಡನೆಯ ಕಪಾಲ ನರ ಈ ಕಾಂಡೈಲ್‌ನ ಬುಡದ ಕಾಲುವೆಯಲ್ಲೇ ಹಾದುಹೋಗುತ್ತದೆ. ನರಕ್ಕೆ ಪೆಟ್ಟಾಗಿದ್ದರೆ ಚಾಚಿದ ನಾಲಿಗೆ ಪೆಟ್ಟಾದ ಕಡೆಗೇ ವಾಲುತ್ತದೆ. ನೆರೆಯ ನರಗಳೂ ಸಿಕ್ಕಿಕೊಂಡರೆ ದನಿ ಒಡೆಯುತ್ತದೆ, ನುಂಗುವುದು ಕಷ್ಟವಾಗುತ್ತದೆ, ಭುಜ ಎತ್ತಲಾಗುವುದಿಲ್ಲ. ಈ ಲಕ್ಷಣಗಳು ಪೆಟ್ಟಾದ ದಿನವೇ ಕಾಣಬೇಕೆಂದಿಲ್ಲ, ಕೆಲವು ದಿನ ಕಳೆದ ಮೇಲೂ ಬರಬಹುದು. ಆದ್ದರಿಂದ ಕತ್ತಿನ ಮೇಲ್ಭಾಗ ನೋಯುತ್ತದೆ ಎನ್ನುವ ಗಾಯಾಳುವಿಗೆ ನಾಲಿಗೆ ಚಾಚಲು ಮೊದಲ ದಿನವೂ ಹೇಳಿ, ಮನೆಗೆ ಕಳುಹಿಸುವ ದಿನವೂ ಹೇಳಿ.