ನ್ಯೂ ಆರ್ಲಿಯನ್ಸ್‌ನ ಡೂಕಿ ಚೇಸ್: ಕಾನೂನು ಬೇಡವೆಂದರೂ ಬಡಿಸಿದ ಹೋಟೆಲು

[ದೃಶ್ಯ: ಅಮೆರಿಕದ ಭೂಪಟ, ಲೂಸಿಯಾನಾ ರಾಜ್ಯ]

ನಮಸ್ಕಾರ. 1950ರ ದಶಕದ ನ್ಯೂ ಆರ್ಲಿಯನ್ಸ್‌ನಲ್ಲಿ ಬಿಳಿಯರೂ ಕಪ್ಪುವರ್ಣೀಯರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಕಾನೂನಿಗೆ ವಿರುದ್ಧವಾಗಿತ್ತು. ಉಂಡವರಿಗಷ್ಟೇ ಅಲ್ಲ, ಬಡಿಸಿದವರಿಗೂ ಕಂಟಕ. ಹಾಗಿದ್ದೂ ಟ್ರೆಮೆ ಬಡಾವಣೆಯ ಕಪ್ಪುವರ್ಣೀಯ ಕುಟುಂಬವೊಂದು ಬಡಿಸುತ್ತಲೇ ಇತ್ತು.

1941ರಲ್ಲಿ ಎಮಿಲಿ ಮತ್ತು ಡೂಕಿ ಚೇಸ್ ದಂಪತಿ ತೆರೆದದ್ದು ಸ್ಯಾಂಡ್‌ವಿಚ್ ಅಂಗಡಿ. ಕಪ್ಪು ಕಾರ್ಮಿಕರಿಗೆ ಬ್ಯಾಂಕಿನ ಬಾಗಿಲು ಸುಲಭಕ್ಕೆ ತೆರೆಯದ ಕಾಲವದು. ವಾರದ ಸಂಬಳದ ಚೆಕ್ ಕೊಟ್ಟು ಜನ ಇಲ್ಲಿಯೇ ನಗದು ಪಡೆಯುತ್ತಿದ್ದರು. 1946ರಲ್ಲಿ ಸೊಸೆಯಾಗಿ ಬಂದರು ಲಿಯಾ. ಬಿಳಿಯರ ಹೋಟೆಲಿನಲ್ಲಿ ಬಡಿಸುವ ಕೆಲಸ ಮಾಡಿದ್ದ ಅವರಿಗೆ, ತಮ್ಮ ಜನರಿಗೂ ಮೇಜಿಗೆ ಬಟ್ಟೆ ಹಾಸಿ ಮರ್ಯಾದೆಯಿಂದ ಉಣಬಡಿಸಬೇಕೆಂಬ ಹಟ. ಅಂಗಡಿ ಹೋಟೆಲಾಯಿತು.

[ದೃಶ್ಯ: ಕುದಿಯುತ್ತಿರುವ ಗಂಬೋ]

ಇದು ಗಂಬೋ. ಹಿಟ್ಟನ್ನು ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಏಡಿ, ಸೀಗಡಿ, ಕೋಳಿ, ಸಾಸೇಜ್ ಹಾಕಿ ಕುದಿಸಿ, ಅನ್ನದೊಂದಿಗೆ ಉಣ್ಣುವ ಗಟ್ಟಿ ಸಾರು. ಮಹಡಿಯ ಮೇಲಿನ ಕೋಣೆಯಲ್ಲಿ ನಾಗರಿಕ ಹಕ್ಕುಗಳ ಹೋರಾಟಗಾರರು, ಕಪ್ಪುವರ್ಣೀಯರೂ ಬಿಳಿಯರೂ, ಈ ಗಂಬೋ ಉಣ್ಣುತ್ತಲೇ ಮುಂದಿನ ಹೆಜ್ಜೆಗಳನ್ನು ಯೋಚಿಸಿದರು. ಮಾರ್ಟಿನ್ ಲೂಥರ್ ಕಿಂಗ್ ಕೂಡ ಇಲ್ಲಿಗೆ ಬಂದಿದ್ದರು.

1961ರಲ್ಲಿ ಎರಡೂ ಬಣ್ಣದ ಜನ ಬಸ್ಸುಗಳಲ್ಲಿ ಒಟ್ಟಿಗೆ ಕುಳಿತು ದಕ್ಷಿಣಕ್ಕೆ ಹೊರಟರು. ಅವರೇ ಫ್ರೀಡಂ ರೈಡರ್‌ಗಳು. ತಲುಪಬೇಕಿದ್ದ ಊರು ನ್ಯೂ ಆರ್ಲಿಯನ್ಸ್. ದಾರಿಯಲ್ಲಿ, ಅಲಬಾಮಾದ ಆನಿಸ್ಟನ್‌ನಲ್ಲಿ, ಒಂದು ಬಸ್ಸಿಗೆ ಬೆಂಕಿ ಹಚ್ಚಲಾಯಿತು. ಹೀಗೆ ಪ್ರಾಣ ಪಣಕ್ಕಿಟ್ಟ ಆ ಚಳವಳಿಯವರಿಗೆ ಲಿಯಾ ಅನ್ನ ಹಾಕಿದರು.

ಪೊಲೀಸರಿಗೆ ಇದೆಲ್ಲ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಊರೆಲ್ಲ ಪ್ರೀತಿಸುವ ಹೋಟೆಲಿಗೆ ಬೀಗ ಹಾಕಿದರೆ ಜನ ಸಿಡಿದೇಳುತ್ತಾರೆಂಬ ಅಳುಕೂ ಇತ್ತು. ಆ ಪ್ರೀತಿಯನ್ನು ಈ ಕುಟುಂಬ ಒಲೆಯ ಮುಂದೆ ನಿಂತು ದುಡಿದು ಗಳಿಸಿತ್ತು. ಅಪಾಯ ಮಾತ್ರ ತಪ್ಪಲಿಲ್ಲ: ಒಮ್ಮೆ ಹೋಟೆಲಿನ ಮೇಲೆ ಬಾಂಬ್ ಎಸೆಯಲಾಯಿತು. ಹೋರಾಟಗಾರರು ಊರಿಂದೂರಿಗೆ ಸಾಗುತ್ತಿದ್ದರು, ಚೇಸ್ ಕುಟುಂಬಕ್ಕೆ ಆ ಅವಕಾಶವಿರಲಿಲ್ಲ. ಅವರ ವಿಳಾಸ ಎಲ್ಲರಿಗೂ ಗೊತ್ತಿತ್ತು, ಮರುದಿನ ಬೆಳಿಗ್ಗೆ ಅದೇ ಬಾಗಿಲು ತೆರೆಯಬೇಕಿತ್ತು. ಈ ಧೈರ್ಯಕ್ಕೆ ಚರಿತ್ರೆಯಲ್ಲಿ ಇನ್ನೂ ಹೆಚ್ಚಿನ ಜಾಗ ಸಿಗಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲುಗಳಲ್ಲಿನ ವರ್ಣಭೇದವನ್ನು ದೇಶದಾದ್ಯಂತ ನಿಷೇಧಿಸಿತು. ಡೂಕಿ ಚೇಸ್‌ನಲ್ಲಿ ಬದಲಾಯಿಸಬೇಕಾದದ್ದು ಏನೂ ಇರಲಿಲ್ಲ.

[ದೃಶ್ಯ: ಇಂದಿನ ಹೋಟೆಲು, ಆರ್ಲಿಯನ್ಸ್ ಅವೆನ್ಯೂ]

2005ರಲ್ಲಿ ಕತ್ರಿನಾ ಚಂಡಮಾರುತದ ನೀರು ನುಗ್ಗಿ ಮುಚ್ಚಿದ ಹೋಟೆಲು 2007ರಲ್ಲಿ ಮತ್ತೆ ತೆರೆಯಿತು. ಎಂಬತ್ತು ದಾಟಿದ್ದ ಲಿಯಾ ಪುನಃ ಅಡುಗೆಮನೆಗೆ ಬಂದರು. ಅವರು ತೀರಿಕೊಂಡದ್ದು 2019ರಲ್ಲಿ, 96ನೇ ವಯಸ್ಸಿನಲ್ಲಿ. ಹೋಟೆಲನ್ನು ಈಗಲೂ ಅದೇ ಕುಟುಂಬ ನಡೆಸುತ್ತಿದೆ.